ಜಾರ್ಜ್ ಪ್ಲೆಬ್ಸ್ಟ್: ಅಚ್ಚುಮೊಳೆಯಿಂದ ಹಂಚಿನವರೆಗೆ

ಕನ್ನಡ ಮುದ್ರಣದ ಚರಿತ್ರೆಯಲ್ಲಿ ಮೋಗ್ಲಿಂಗ್, ಕಿಟೆಲ್ ಮೊದಲಾದ ವಿದ್ವಾಂಸರನ್ನು ಆದರದಿಂದ ಸ್ಮರಿಸುವುದುಂಟು. ಅವರ ವಿದ್ವತ್ತಿಗೆ ಆಶ್ರಯವಾದ ಮುದ್ರಣಾಲಯದ ಕುಶಲಕರ್ಮಿಗಳ ವಿಷಯವಾದರೋ ವಿರಳವಾಗಿ ಪ್ರಸ್ತಾಪಕ್ಕೆ ಬರುತ್ತದೆ. ಅಂಥವರಲ್ಲಿ ಜರ್ಮನ್ ದೇಶದಿಂದ ಬಂದ ಜಾರ್ಜ್ ಪ್ಲೆಬ್ಸ್ಟರು ಮುಖ್ಯರು.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. 1843ರ 'ಮಂಗಳೂರ ಸಮಾಚಾರ'ವು ಕಲ್ಲಚ್ಚಿನಲ್ಲಿಯೇ ಹೊರಟಿತು. ಯಂತ್ರಕರ್ಮದಲ್ಲಿ ನುರಿತ ಪ್ಲೆಬ್ಸ್ಟರು 1851ರಲ್ಲಿ ಬಂದ ಮೇಲೆ ಅಲ್ಲಿ ಮೊಳೆಯಚ್ಚಿನ ಕೆಲಸವು ನೆಲೆಗೊಂಡಿತು. ಕಿಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದು ಅದೇ ಮುದ್ರಣಾಲಯದಲ್ಲಿ.

ಮತಾಂತರ ಹೊಂದಿದವರಲ್ಲಿ ಅನೇಕರು ಕುಲವೃತ್ತಿಯನ್ನೂ ಬಂಧುಗಳ ಆಸರೆಯನ್ನೂ ಕಳೆದುಕೊಂಡಿದ್ದರು. ಅವರಿಗೆ ಜೀವನೋಪಾಯವನ್ನು ಕಲ್ಪಿಸುವುದು ಮಿಶನ್ನಿಗೆ ಅನಿವಾರ್ಯವಾಯಿತು. ನೇಯ್ಗೆಯ ಕಾರ್ಖಾನೆಯೊಡನೆ ಹಂಚಿನ ಕಾರ್ಖಾನೆಯೂ ಹುಟ್ಟಿದ್ದು ಈ ಕಾರಣದಿಂದ. ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಪ್ಲೆಬ್ಸ್ಟರು 1865ರಲ್ಲಿ ಇದನ್ನು ಸ್ಥಾಪಿಸಿದರು. ಆರಂಭದಲ್ಲಿ ಇಬ್ಬರು ಕೆಲಸಗಾರರು ಮತ್ತು ಒಂದು ಜೋಡಿ ಎತ್ತು. ದಿನಕ್ಕೆ ಸುಮಾರು 560 ಹಂಚು.

ಅದುವರೆಗೆ ಬಡವರ ಮನೆಗೆ ಮುಳಿಹುಲ್ಲಿನ ಅಥವಾ ಮಡಲಿನ ಮಾಡು, ಉಳ್ಳವರಿಗೆ ಕುಂಬಾರರ ನಾಡಹಂಚು. ಹುಲ್ಲಿಗೆ ಬೆಂಕಿಯ ಭಯ. ವರ್ಷವರ್ಷವೂ ಹೊದೆಸುವ ಶ್ರಮ. ಹೊಸ ಹಂಚಿಗಾದರೆ ಅಂಚಿನಲ್ಲಿ ಏಣೂ ಗಾಡಿಯೂ ಇದ್ದು, ಒಂದು ಮತ್ತೊಂದನ್ನು ಹಿಡಿದು ನಿಲ್ಲುವುದರಿಂದ ಆಷಾಢದ ಮಳೆಯ ನೀರು ಒಳಗಿಳಿಯದೆ ಹರಿದುಹೋಗುತ್ತದೆ. ಈ ವಿನ್ಯಾಸವು ಫ್ರಾನ್ಸಿನ ಗಿಲಾರ್ಡೋನಿ ಸಹೋದರರದು. ನಮ್ಮ ನದೀತೀರದ ಜೇಡಿಯನ್ನು ಅದಕ್ಕೆ ಒಗ್ಗಿಸಿದ್ದು ಪ್ಲೆಬ್ಸ್ಟರ ಕೌಶಲ. ಮುಂದೆ 1886ರಲ್ಲಿ ಮಲ್ಪೆಯಲ್ಲಿಯೂ ಮಿಶನ್ನಿನ ಕಾರ್ಖಾನೆಯಾಯಿತು. ಪರ್ಕಳ, ಕಾರ್ಕಳಗಳ ಮನೆಮಾಡುಗಳೂ ಕಾಲಕ್ರಮದಲ್ಲಿ ಕೆಂಪಾದವು. ಸ್ಥಳೀಯ ವರ್ತಕರೂ ಈ ಉದ್ಯಮವನ್ನು ಕೈಗೊಂಡರು. ಮಂಗಳೂರು ಹಂಚು ಬರ್ಮಾ, ಸಿಂಹಳ, ಪೂರ್ವ ಆಫ್ರಿಕಗಳಿಗೆ ಹೋಯಿತು.

ಈ ಉಪಕಾರವು ಒಂದೇ ಮುಖದ್ದಲ್ಲ. ನಿರಾಶ್ರಿತರಿಗೆ ಅನ್ನ ದೊರೆಯಿತು. ಆದರೆ ಅವರು ಕಾರ್ಖಾನೆಯ ಗಂಟೆಗೂ ಕೂಲಿಗೂ ಒಳಪಟ್ಟರು, ಕುಂಬಾರನ ನಾಡಹಂಚಿಗೆ ಬೇಡಿಕೆ ತಗ್ಗಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮಿಶನ್ನಿನ ಉದ್ಯಮಗಳು ಪರಾಧೀನವಾಗಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು.

ಪರದೇಶದ ಕರ್ಮಿಯೊಬ್ಬನು ಹೊಸ ನಾಡಿನಲ್ಲಿ ಗಣ್ಯನಾಗುವುದು ಅಧಿಕಾರಪದವಿಯಿಂದ ಮಾತ್ರವಲ್ಲ. ಮೊಳೆಗೂ ಹಂಚಿಗೂ ಬೇಕಾದುದು ಒಂದೇ ಬಗೆಯ ವಿದ್ಯೆ: ಅಚ್ಚು ತಪ್ಪದಂತೆ, ಒಂದರಂತೆಯೇ ಮತ್ತೊಂದನ್ನು ತೆಗೆಯುವುದು. ಸಾಹಿತ್ಯಚರಿತ್ರೆಯನ್ನು ಬೋಧಿಸುವವರು ಗ್ರಂಥಕರ್ತರೊಡನೆ ಈ ವಿದ್ಯೆಯವರನ್ನೂ ಹೆಸರಿಸುವುದು ಯುಕ್ತ.