ವಾರಾಂತ್ಯ ಕರ್ಫ್ಯೂ: ಎರಡು ಲೆಕ್ಕಗಳ ನಡುವಣ ವಿವಾದ

2022ರ ಜನವರಿ 4ರಂದು ಕರ್ನಾಟಕ ಸರ್ಕಾರವು ರಾಜ್ಯದಾದ್ಯಂತ ವಾರಾಂತ್ಯ ಕರ್ಫ್ಯೂ ವಿಧಿಸುವ ತೀರ್ಮಾನವನ್ನು ಪ್ರಕಟಿಸಿತು. ಅಂದು ರಾಜ್ಯದಲ್ಲಿ ವರದಿಯಾದ ಹೊಸ ಕೋವಿಡ್ ಪ್ರಕರಣಗಳು ಸುಮಾರು ಎರಡೂವರೆ ಸಾವಿರ. ಅದೇ ತಿಂಗಳ 21ರಂದು ಆ ಕರ್ಫ್ಯೂವನ್ನು ಹಿಂತೆಗೆದುಕೊಳ್ಳಲಾಯಿತು. ಅಂದಿನ ಹೊಸ ಪ್ರಕರಣಗಳು 48 ಸಾವಿರಕ್ಕೂ ಅಧಿಕ. ಸೋಂಕು ಕಡಿಮೆಯಿದ್ದಾಗ ಅಂಗಡಿ ಮುಚ್ಚಿಸಿ, ಇಪ್ಪತ್ತು ಪಟ್ಟು ಏರಿದಾಗ ತೆರೆಯಿಸಿದ ಈ ಕ್ರಮ ಹೊರನೋಟಕ್ಕೆ ವಿಚಿತ್ರವೆನಿಸುತ್ತದೆ. ವರ್ತಕರ ಒತ್ತಡಕ್ಕೆ ಸರ್ಕಾರ ಮಣಿಯಿತೆಂದು ಒಂದು ಪಕ್ಷವೂ, ಕರ್ಫ್ಯೂ ಮೊದಲಿನಿಂದಲೂ ಅನಗತ್ಯವಾಗಿತ್ತೆಂದು ಇನ್ನೊಂದು ಪಕ್ಷವೂ ವಾದಿಸಿದವು. ಎರಡೂ ವಾದಗಳು ಅಪೂರ್ಣ. ಆ ಹದಿನೇಳು ದಿನಗಳಲ್ಲಿ ಬದಲಾದದ್ದು ಸೋಂಕಿನ ಪ್ರಮಾಣವೊಂದೇ ಅಲ್ಲ, ಅಪಾಯವನ್ನು ಅಳೆಯುವ ಮಾನದಂಡವೂ ಬದಲಾಯಿತು.

ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ದೃಢಪಟ್ಟದ್ದು ಬೆಂಗಳೂರಿನಲ್ಲಿ, 2021ರ ಡಿಸೆಂಬರ್ 2ರಂದು. ಡಿಸೆಂಬರ್ 28ರಿಂದ ರಾತ್ರಿ ಕರ್ಫ್ಯೂ ಜಾರಿಗೆ ಬಂದಿತು; ಹೋಟೆಲುಗಳಲ್ಲಿ ಆಸನ ಸಾಮರ್ಥ್ಯದ ಅರ್ಧದಷ್ಟು ಜನರಿಗೆ ಮಾತ್ರ ಅವಕಾಶವಾಯಿತು. ಅದರ ಮೇಲೆ ಶುಕ್ರವಾರ ರಾತ್ರಿ 10ರಿಂದ ಸೋಮವಾರ ಬೆಳಗಿನ 5ರವರೆಗೆ ವಾರಾಂತ್ಯ ಕರ್ಫ್ಯೂ ಬಂದಿತು. ದಿನಸಿ, ಹಾಲು, ತರಕಾರಿ, ಮಾಂಸದ ಅಂಗಡಿಗಳಿಗೆ ವಿನಾಯಿತಿಯಿತ್ತು. ಹೋಟೆಲುಗಳು ಪಾರ್ಸೆಲ್ ಮಾತ್ರ ಕೊಡಬಹುದಾಗಿತ್ತು. ಕೈಗಾರಿಕೆಗಳು ನಡೆಯಬಹುದಾಗಿತ್ತು, ಕಾರ್ಮಿಕರ ಬಳಿ ಗುರುತಿನ ಚೀಟಿ ಇದ್ದರೆ ಸಾಕಿತ್ತು.

ತಜ್ಞರ ಲೆಕ್ಕ

ಜನವರಿಯ ಮೊದಲ ವಾರದಲ್ಲಿ ಒಮಿಕ್ರಾನ್ ವೇಗವಾಗಿ ಹರಡುತ್ತದೆಂಬುದು ಖಚಿತವಾಗಿತ್ತು. ಅದರ ತೀವ್ರತೆ ಕಡಿಮೆಯೆಂದು ದಕ್ಷಿಣ ಆಫ್ರಿಕಾದಿಂದ ವರದಿಗಳು ಬಂದಿದ್ದವಾದರೂ, ಅಲ್ಲಿನ ಅನುಭವ ಇಲ್ಲಿಗೂ ಅನ್ವಯಿಸುವುದೆಂದು ಯಾರೂ ಭರವಸೆ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅಪಾಯದ ಪ್ರಮಾಣ ಅಲ್ಪವಾದರೂ ಸಂಖ್ಯೆ ಬೃಹತ್ತಾದಾಗ ಏನಾಗುತ್ತದೆಂಬುದು ವರ್ತಕರಿಗೆ ಹೊಸ ವಿಷಯವಲ್ಲ. ಸಗಟು ವ್ಯಾಪಾರ ನಿಂತಿರುವುದೇ ಆ ತತ್ತ್ವದ ಮೇಲೆ. ಉದಾಹರಣೆಗೆ, ಹತ್ತು ಸಾವಿರ ಸೋಂಕಿತರಲ್ಲಿ ಶೇ. 10ರಷ್ಟು ಮಂದಿಗೆ ಆಸ್ಪತ್ರೆ ಬೇಕಾದರೆ ಸಾವಿರ ಹಾಸಿಗೆಗಳು ಸಾಕು. ಸೋಂಕಿತರು ಒಂದು ಲಕ್ಷವಾದರೆ, ಶೇ. 2ರಷ್ಟು ಮಂದಿಗೆ ಮಾತ್ರ ಆಸ್ಪತ್ರೆ ಬೇಕಾದರೂ ಎರಡು ಸಾವಿರ ಹಾಸಿಗೆಗಳನ್ನು ಹೊಂದಿಸಬೇಕು. ಕಾಯಿಲೆ ಸೌಮ್ಯವಾಗಿಯೂ ಆಸ್ಪತ್ರೆಗಳು ತುಂಬಬಹುದು. 2021ರ ಏಪ್ರಿಲ್-ಮೇ ತಿಂಗಳ ಆಮ್ಲಜನಕದ ಕೊರತೆಯನ್ನು ಕಂಡವರು ಈ ಲೆಕ್ಕವನ್ನು ಲಘುವಾಗಿ ಪರಿಗಣಿಸದಿದ್ದುದು ಸಹಜವೇ.

ಆದರೆ ಅಂಕಿಅಂಶಗಳು ಬೇರೆ ದಾರಿ ಹಿಡಿದವು. ಎರಡನೆಯ ಅಲೆಯಲ್ಲಿ, 2021ರ ಮೇ 5ರಂದು ರಾಜ್ಯದಲ್ಲಿ 50,112 ಹೊಸ ಪ್ರಕರಣಗಳೂ 346 ಸಾವುಗಳೂ ವರದಿಯಾಗಿದ್ದವು. 2022ರ ಜನವರಿ 23ರಂದು ವರದಿಯಾದದ್ದು 50,210 ಪ್ರಕರಣಗಳು, 19 ಸಾವುಗಳು. ಸಾವಿನ ಸಂಖ್ಯೆ ಸೋಂಕಿನ ಏರಿಕೆಯನ್ನು ಎರಡು ಮೂರು ವಾರ ತಡವಾಗಿ ಹಿಂಬಾಲಿಸುತ್ತದೆ, ನಿಜ. ಆದರೆ ನಂತರದ ವಾರಗಳಲ್ಲಿಯೂ ಅದು ಹಿಂದಿನ ಮಟ್ಟದ ಸಮೀಪಕ್ಕೆ ಬರಲಿಲ್ಲ. ವಯಸ್ಕರಲ್ಲಿ ಬಹುಪಾಲು ಜನ ಅಷ್ಟರಲ್ಲಿ ಲಸಿಕೆ ಪಡೆದಿದ್ದುದು, ಹಲವರಿಗೆ ಹಿಂದೆಯೇ ಸೋಂಕು ತಗುಲಿ ಹೋಗಿದ್ದುದು ಇದಕ್ಕೆ ಮುಖ್ಯ ಕಾರಣಗಳು. ಹೀಗಾಗಿ ದೈನಂದಿನ ಪ್ರಕರಣಗಳ ಸಂಖ್ಯೆ ಅಪಾಯವನ್ನು ತೋರುವ ಸೂಚಕವಾಗಿ ಉಳಿಯಲಿಲ್ಲ. ಕರ್ಫ್ಯೂ ತೆರವುಗೊಳಿಸಿದಾಗ ಸರ್ಕಾರ ಮುಂದಿಟ್ಟ ಆಧಾರ ಆಸ್ಪತ್ರೆಗೆ ದಾಖಲಾಗುವವರ ಪ್ರಮಾಣ. ಸುಮಾರು ಶೇ. 5ರಷ್ಟಿದ್ದ ಆ ಪ್ರಮಾಣ ಏರಿದರೆ ಕರ್ಫ್ಯೂ ಮರಳಿ ಬರುವುದೆಂಬ ಎಚ್ಚರಿಕೆಯನ್ನೂ ಕೊಡಲಾಯಿತು.

ವರ್ತಕರ ಲೆಕ್ಕ

ವಾರದಲ್ಲಿ ಎರಡು ದಿನ ಮುಚ್ಚಿದರೆ ಏಳರಲ್ಲಿ ಎರಡು ಪಾಲು ನಷ್ಟ ತಾನೆ ಎಂಬ ಮಾತು ಆಗ ಕೇಳಿಬಂದಿತ್ತು. ವ್ಯಾಪಾರ ಮಾಡಿದವರು ಹಾಗೆ ಹೇಳಲಾರರು. ವಾರಕ್ಕೆ ಎರಡು ಲಕ್ಷ ರೂಪಾಯಿ ವಹಿವಾಟಿರುವ ಒಂದು ಸಣ್ಣ ಹೋಟೆಲನ್ನು ಊಹಿಸಿಕೊಳ್ಳಬಹುದು. ಅದರಲ್ಲಿ 80 ಸಾವಿರ ಬರುವುದು ಶನಿವಾರ, ಭಾನುವಾರಗಳಂದು. ದಿನಸಿ, ಗ್ಯಾಸ್ ಮೊದಲಾದ ಖರ್ಚು ವಹಿವಾಟಿನ ಶೇ. 60 ಎಂದಿಟ್ಟುಕೊಂಡರೆ ಕೈಯಲ್ಲಿ ಉಳಿಯುವುದು 80 ಸಾವಿರ. ಬಾಡಿಗೆ, ಸಂಬಳ, ಬಡ್ಡಿ, ವಿದ್ಯುತ್ತಿನ ನಿಗದಿತ ಶುಲ್ಕ ಎಲ್ಲ ಸೇರಿ 65 ಸಾವಿರ ಕಳೆದರೆ ಲಾಭ 15 ಸಾವಿರ. ವಾರಾಂತ್ಯದ ವ್ಯಾಪಾರ ತಪ್ಪಿದಾಗ ವಹಿವಾಟು 1,20,000ಕ್ಕಿಳಿದು, ಖರ್ಚು ಕಳೆದು ಉಳಿಯುವುದು 48 ಸಾವಿರ. ನಿಗದಿತ ವೆಚ್ಚ ಮಾತ್ರ ಕದಲುವುದಿಲ್ಲ. ಪರಿಣಾಮವಾಗಿ 15 ಸಾವಿರದ ಲಾಭವಿದ್ದಲ್ಲಿ 17 ಸಾವಿರದ ನಷ್ಟ ಬಂದು ಕೂರುತ್ತದೆ. ಪಾರ್ಸೆಲ್ ವ್ಯಾಪಾರ ಇದರಲ್ಲಿ ಸ್ವಲ್ಪ ಪಾಲನ್ನು ತುಂಬಬಹುದು. ಬಟ್ಟೆ ಅಂಗಡಿಗೂ ಚಿನ್ನದಂಗಡಿಗೂ ಅಷ್ಟೂ ಇಲ್ಲ.

ಸಣ್ಣ ಉತ್ಪಾದಕರ ಕಷ್ಟ ಇನ್ನೊಂದು ಬಗೆಯದು. ಕಾರ್ಖಾನೆ ನಡೆಸಲು ಅನುಮತಿಯಿದ್ದರೂ ಸರಕು ಕೊಳ್ಳಬೇಕಾದ ಅಂಗಡಿ ಮುಚ್ಚಿತ್ತು. ಅಂಗಡಿಯವರು ಹಣ ಪಾವತಿಯನ್ನು ಮುಂದೂಡಿದರೆ ದುಡಿಯುವ ಬಂಡವಾಳ ಉಗ್ರಾಣದಲ್ಲಿ ಸಿಕ್ಕಿಬೀಳುತ್ತದೆ. ವಿನಾಯಿತಿ ಸಿಕ್ಕಿತೆಂದು ಕಾಗದದ ಮೇಲೆ ತೋರುವುದು ಸರಪಳಿಯ ಇನ್ನೊಂದು ತುದಿಯಲ್ಲಿ ವಿನಾಯಿತಿಯಾಗಿರುವುದಿಲ್ಲ. ಅಲ್ಲದೆ 2020ರ ಪರಿಹಾರಗಳು ಈ ಬಾರಿ ಇರಲಿಲ್ಲ. ರಿಸರ್ವ್ ಬ್ಯಾಂಕ್ ಸಾಲದ ಕಂತುಗಳಿಗೆ ಕೊಟ್ಟಿದ್ದ ಮುಂದೂಡಿಕೆ 2020ರ ಆಗಸ್ಟ್ 31ಕ್ಕೇ ಮುಗಿದಿತ್ತು. ತುರ್ತು ಸಾಲ ಖಾತರಿ ಯೋಜನೆಯ ಮಿತಿಯನ್ನು 5 ಲಕ್ಷ ಕೋಟಿಗೆ ಏರಿಸಿ, ಹೆಚ್ಚುವರಿ 50 ಸಾವಿರ ಕೋಟಿಯನ್ನು ಆತಿಥ್ಯ ಮತ್ತು ಸಂಬಂಧಿತ ಉದ್ದಿಮೆಗಳಿಗೆ ಮೀಸಲಿಡುವ ಘೋಷಣೆ ಬಂದದ್ದು 2022ರ ಫೆಬ್ರವರಿ 1ರ ಬಜೆಟ್ಟಿನಲ್ಲಿ. ಅದು ಕೂಡ ಸಾಲವೇ ಹೊರತು ನಷ್ಟಭರ್ತಿಯಲ್ಲ. ವ್ಯಾಪಾರ ಸ್ಥಗಿತದ ವಿಮೆ ಸಾಮಾನ್ಯವಾಗಿ ಅಗ್ನಿವಿಮೆಯ ಜೊತೆಗೆ ಬರುವಂಥದು; ಕಟ್ಟಡಕ್ಕೋ ಯಂತ್ರಕ್ಕೋ ಹಾನಿಯಾಗದೆ ಅದರಡಿ ಪರಿಹಾರ ದೊರೆಯುವುದಿಲ್ಲ. ಸರ್ಕಾರಿ ಆದೇಶದಿಂದ ಮುಚ್ಚಿದ ಅಂಗಡಿಯಲ್ಲಿ ಕಪಾಟಿನ ಗಾಜೂ ಒಡೆದಿರುವುದಿಲ್ಲ.

ಹೀಗೆ ಒಂದೇ ಆದೇಶದ ವೆಚ್ಚ ಎಲ್ಲರ ಮೇಲೆ ಸಮನಾಗಿ ಬೀಳಲಿಲ್ಲ. ಮನೆಯಿಂದಲೇ ಕೆಲಸ ಮಾಡುವ ಸಂಬಳದಾರರಿಗೆ ಕರ್ಫ್ಯೂ ಎಂದರೆ ಎರಡು ದಿನದ ಅಡಚಣೆ. ದಿನಗೂಲಿಯವರಿಗೆ ಎರಡು ದಿನದ ಅನ್ನ. ಅಪಾಯವೂ ಸಮಾನವಾಗಿರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಅರವತ್ತೈದರ, ಸಕ್ಕರೆ ಕಾಯಿಲೆಯ ಯಜಮಾನರಿಗೂ ಅದೇ ಅಂಗಡಿಯ ಇಪ್ಪತ್ತರ ಹುಡುಗನಿಗೂ ಒಮಿಕ್ರಾನ್ ಒಂದೇ ಅಲ್ಲ. ಬಾಗಿಲು ತೆರೆಯಬೇಕೆಂದು ಒತ್ತಾಯಿಸಿದ ವರ್ತಕರು ಈ ಅಂಶವನ್ನು ಸಾಕಷ್ಟು ಗಮನಿಸಲಿಲ್ಲವೆನ್ನಬೇಕು.

ವಿವಾದ ಕಹಿಯಾಗಲು ಮತ್ತೊಂದು ಕಾರಣವೂ ಇತ್ತು. ಜನವರಿ 9ರಂದು, ಕರ್ಫ್ಯೂ ಜಾರಿಯಲ್ಲಿದ್ದ ಭಾನುವಾರವೇ, ಮೇಕೆದಾಟು ಪಾದಯಾತ್ರೆ ಆರಂಭವಾಯಿತು. ಹೈಕೋರ್ಟ್ ಪ್ರಶ್ನಿಸಿದ ಬಳಿಕ 13ರಂದು ಅದು ನಿಂತಿತು. ಆಡಳಿತ ಪಕ್ಷದ ಕೆಲವು ಜನಪ್ರತಿನಿಧಿಗಳೇ ಕರ್ಫ್ಯೂವನ್ನು ಬಹಿರಂಗವಾಗಿ ಟೀಕಿಸಿದರು. ಸಾವಿರಾರು ಜನ ರಸ್ತೆಯಲ್ಲಿ ನಡೆಯುತ್ತಿರುವಾಗ ನಾಲ್ಕು ಮೇಜಿನ ಹೋಟೆಲಿಗೆ ಬೀಗ ಹಾಕಿಸುವ ನಿಯಮದಲ್ಲಿ ವಿಶ್ವಾಸ ಉಳಿಯುವುದು ಕಷ್ಟ.

ದೆಹಲಿಯ ಅನುಭವ

ಯಾವ ಹಂತದಲ್ಲಿ ಯಾವ ನಿರ್ಬಂಧ ಎಂಬುದನ್ನು ಮೊದಲೇ ಬರೆದಿಟ್ಟರೆ ಇಂಥ ಗೊಂದಲ ತಪ್ಪುವುದಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ದೆಹಲಿ 2021ರ ಜುಲೈನಲ್ಲಿ ಹಾಗೆಯೇ ಮಾಡಿತ್ತು. ಪರೀಕ್ಷೆಗೊಳಗಾದವರಲ್ಲಿ ಸೋಂಕಿತರ ಪ್ರಮಾಣ ಸತತ ಎರಡು ದಿನ ಶೇ. 0.5 ದಾಟಿದರೆ ಹಳದಿ ಎಚ್ಚರಿಕೆ, ಶೇ. 5 ದಾಟಿದರೆ ಕೆಂಪು. ನಡುವೆ ಮತ್ತೆರಡು ಹಂತಗಳು. ಹೊಸ ಪ್ರಕರಣಗಳ ಸಂಖ್ಯೆ ಹಾಗೂ ಆಮ್ಲಜನಕ ಹಾಸಿಗೆಗಳ ಭರ್ತಿಯೂ ಮಾನದಂಡಗಳಲ್ಲಿದ್ದವು. ಆದರೆ ಯಾವುದೇ ಒಂದು ಮಾನದಂಡ ಮೀರಿದರೂ ಎಚ್ಚರಿಕೆ ಜಾರಿಯಾಗುವಂತಿತ್ತು. 2021ರ ಡಿಸೆಂಬರ್ 28ರಂದು ಹಳದಿ ಎಚ್ಚರಿಕೆ ಬಂದಾಗ ಆಸ್ಪತ್ರೆಗಳು ಬಹುತೇಕ ಖಾಲಿಯಿದ್ದವು. ಅಂಗಡಿಗಳಿಗೆ ಸಮ-ಬೆಸ ನಿಯಮ ಅಂದೇ ಅನ್ವಯವಾಯಿತು. ಕೆಲವೇ ದಿನಗಳಲ್ಲಿ ಸೋಂಕಿನ ಪ್ರಮಾಣ ಕೆಂಪಿನ ಗಡಿಯನ್ನೂ ದಾಟಿತು, ಕೆಂಪು ಎಚ್ಚರಿಕೆ ಮಾತ್ರ ಹೊರಬೀಳಲಿಲ್ಲ. ಡೆಲ್ಟಾದ ಅನುಭವದ ಮೇಲೆ ಗುರುತಿಸಿದ ಗಡಿಗಳನ್ನು ಒಮಿಕ್ರಾನ್ ಅರ್ಥಹೀನಗೊಳಿಸಿತ್ತು. ಅಲ್ಲಿನ ವಾರಾಂತ್ಯ ಕರ್ಫ್ಯೂವೂ ಸಮ-ಬೆಸ ನಿಯಮವೂ ಜನವರಿ 27ರಂದು ತೆರವಾದವು.

ಅಂದರೆ ಬರೆದಿಟ್ಟ ನಿಯಮದ ಬೆಲೆ ಅದು ಯಾವ ಸಂಖ್ಯೆಗೆ ಕಟ್ಟಿಕೊಂಡಿದೆ ಎಂಬುದರ ಮೇಲೆ ನಿಂತಿದೆ. ಹಾಸಿಗೆಗಳ ಭರ್ತಿಗೆ ಹೆಚ್ಚು ತೂಕ ಕೊಟ್ಟು, ಹೊಸ ರೂಪಾಂತರಿ ಬಂದೊಡನೆ ಗಡಿಗಳನ್ನು ಮರುಪರಿಶೀಲಿಸುವ ಕ್ರಮ ಸೇರಿದ್ದರೆ ದೆಹಲಿಯ ವರ್ತಕರು ಒಂದು ತಿಂಗಳ ಸಮ-ಬೆಸವನ್ನು ಅನುಭವಿಸಬೇಕಾಗಿರಲಿಲ್ಲ. ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದಿಡಬೇಕಾದ ಬೇಡಿಕೆ ಇದೇ ಆಗಿದೆ. ‘ತೆರೆಯಿರಿ’ ಎಂಬ ಬರಿಯ ಒತ್ತಾಯ ಮುಂದಿನ ಅಲೆಯವರೆಗೆ ಮಾತ್ರ ಬಾಳುತ್ತದೆ.

ಇದರೊಡನೆ ಪೂರ್ವಸೂಚನೆಯ ವಿಷಯವೂ ಇದೆ. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಘೋಷಣೆಯಾದ ಲಾಕ್‌ಡೌನ್ ಜಾರಿಗೆ ಬರಲು ನಾಲ್ಕು ಗಂಟೆ ಮಾತ್ರ ಉಳಿದಿತ್ತು. 2022ರಲ್ಲಿ ಮೂರು ದಿನ ಮೊದಲೇ ತಿಳಿದುದರಿಂದ ಹೋಟೆಲಿನವರು ತರಕಾರಿ ಖರೀದಿಯನ್ನು ತಗ್ಗಿಸಿಕೊಳ್ಳಲು ಸಾಧ್ಯವಾಯಿತು. ಆದರೆ ತೆರವಿನ ಪ್ರಕಟಣೆ ಬಂದದ್ದು ಶುಕ್ರವಾರ, ಆ ರಾತ್ರಿ 10ಕ್ಕೆ ಮೂರನೆಯ ವಾರಾಂತ್ಯದ ಕರ್ಫ್ಯೂ ಆರಂಭವಾಗಬೇಕಿದ್ದ ದಿನವೇ. ಮರುದಿನದ ಅಡುಗೆಗೆ ಸಾಮಾನು ತರಿಸಿ, ಊರಿಗೆ ಹೊರಟಿದ್ದ ಕೆಲಸಗಾರರನ್ನು ಹಿಂದಕ್ಕೆ ಕರೆಸಲು ಅವರಿಗೆ ಉಳಿದದ್ದು ಕೆಲವೇ ಗಂಟೆಗಳು.