ಅಭಿಮಾನಿಗಳೂ ಪ್ರಾಶ್ನಿಕರೂ

ಸಂಸ್ಕೃತದಿಂದ ಕನ್ನಡಕ್ಕೆ ಬಂದು ತನ್ನ ಗುಣವನ್ನು ಬಹುಮಟ್ಟಿಗೆ ಬದಲಾಯಿಸಿಕೊಂಡ ಶಬ್ದಗಳಲ್ಲಿ ‘ಅಭಿಮಾನ’ ಎಂಬುದೂ ಒಂದು. ಮೂಲದಲ್ಲಿ ಗರ್ವ, ಅಹಂಕಾರ ಎಂಬ ಅರ್ಥಗಳೇ ಮುಂದಾಗಿ ನಿಲ್ಲುತ್ತವೆ. ವೇದಾಂತಿಗಳು ದೇಹಾಭಿಮಾನವೆಂದಾಗ, ತಾನಲ್ಲದ ದೇಹವನ್ನು ತಾನೆಂದೇ ತಿಳಿಯುವ ಭ್ರಾಂತಿಯನ್ನು ಹೇಳುತ್ತಾರೆ. ಕನ್ನಡದಲ್ಲಿಯಾದರೋ ಭಾಷಾಭಿಮಾನ, ದೇಶಾಭಿಮಾನ ಎಂದೊಡನೆ ಅದು ಮೆಚ್ಚತಕ್ಕ ಗುಣವಾಗುತ್ತದೆ. ಈ ಎರಡು ಅರ್ಥಗಳನ್ನೂ ಒಂದೇ ಎಡೆಯಲ್ಲಿ ಕಾಣಬೇಕೆನ್ನುವವರು ಬಲಿಪಾಡ್ಯಮಿ ಕಳೆದ ಬಳಿಕ ಈಸೂರಿನ ಸೀಮೆಯಲ್ಲಿ, ಎಂದರೆ ಶಿಕಾರಿಪುರ ಸೊರಬಗಳ ಊರುಗಳಲ್ಲಿ, ನಡೆಯುವ ಹೋರಿ ಹಬ್ಬಕ್ಕೆ ಹೋಗಬೇಕು. ಅಲ್ಲಿ ನೆರೆಯುವ ತರುಣರು ತಮ್ಮನ್ನು ಇಂಥ ಹೋರಿಯ ಅಭಿಮಾನಿಗಳೆಂದೇ ಕರೆದುಕೊಳ್ಳುತ್ತಾರೆ. ಹೋರಿ ಅವರ ಹಟ್ಟಿಯದಲ್ಲ; ಅದಕ್ಕೆ ಹುಲ್ಲು ಹಾಕಿದವರೂ ಅವರಲ್ಲ. ಆದರೂ ಅದು ‘ನಮ್ಮ ಹೋರಿ’. ಅದು ಗೆದ್ದರೆ ತಾವು ಗೆದ್ದಂತೆ, ಅದು ಸಿಕ್ಕಿಬಿದ್ದರೆ ತಮ್ಮ ತಲೆಯೇ ತಗ್ಗಿದಂತೆ.

ಸ್ಪರ್ಧೆಯ ಸ್ವರೂಪ ಈ ಸೀಮೆಯವರಿಗೆ ತಿಳಿದದ್ದೇ. ಆದರೂ ದೂರದ ಊರುಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳ ಮಕ್ಕಳು ಅದನ್ನು ಕಂಡಿರಲಾರರು. ಬಯಲಿನಲ್ಲಿಯೋ ಊರ ಬೀದಿಯಲ್ಲಿಯೋ ಅಖಾಡವೆಂಬ ಉದ್ದನೆಯ ಓಟದ ದಾರಿಯನ್ನು ಸಿದ್ಧಪಡಿಸುತ್ತಾರೆ. ಹುರುಳಿ, ಹತ್ತಿಕಾಳುಗಳನ್ನು ತಿನ್ನಿಸಿ, ಕೆರೆಯಲ್ಲಿ ಈಜಿಸಿ ಸಾಕಿದ ಹೋರಿಯ ಮೈಮೇಲೆ ಜೂಲ, ಕೊರಳಿಗೆ ಗೆಜ್ಜೆ ಮತ್ತು ಒಣಕೊಬ್ಬರಿಯ ಸರ. ಕೆಲವು ಹೋರಿಗಳಿಗೆ ಕೊಂಬಿನ ಮೇಲೆ ಬಣ್ಣದ ಪಟ್ಟಿ, ಬಲೂನುಗಳಿಂದ ಎತ್ತರವಾಗಿ ಕಟ್ಟಿದ ಪೀಪಿ. ಒಂದಕ್ಕೆ ದೇವರ ಹೆಸರಾದರೆ ಇನ್ನೊಂದಕ್ಕೆ ಚಲನಚಿತ್ರದ ಹೆಸರು. ಧ್ವನಿವರ್ಧಕದಲ್ಲಿ ಹೋರಿಯ ಹೆಸರನ್ನೂ ಊರನ್ನೂ ಕೂಗುತ್ತಿದ್ದಂತೆ ಹಗ್ಗ ಕಳಚುತ್ತದೆ, ಬೆದರಿದ ಹೋರಿ ಓಡುತ್ತದೆ. ದಾರಿಯಲ್ಲಿ ನಿಂತ ತರುಣರು ಅದನ್ನು ತಡೆದು ಕೊಬ್ಬರಿಯನ್ನು ಹರಿದುಕೊಳ್ಳಲು ಮುಗಿಬೀಳುತ್ತಾರೆ. ಯಾರ ಕೈಗೂ ಸಿಕ್ಕದೆ ಪಾರಾದ ಹೋರಿ ಗೆದ್ದಂತೆ. ಕೊಬ್ಬರಿ ಹರಿದವನೂ ಒಂದು ಬಗೆಯಲ್ಲಿ ಗೆದ್ದಂತೆಯೇ. ಸಮಿತಿಯವರು ಉತ್ತಮ ಹೋರಿಗಳನ್ನು ಆರಿಸಿ ಬಹುಮಾನ ಕೊಡುತ್ತಾರೆ. ಬಂಗಾರ, ಬೈಕುಗಳವರೆಗೂ ಈ ಬಹುಮಾನ ಬೆಳೆದಿದೆ.

ಈ ಹಬ್ಬದಲ್ಲಿ ಹೋರಿಯಷ್ಟೇ ನೋಡತಕ್ಕವರು ಅದರ ಅಭಿಮಾನಿಗಳು. ಹೋರಿಯ ಚಿತ್ರವನ್ನು ಅಚ್ಚುಹಾಕಿಸಿದ ಅಂಗಿ ತೊಟ್ಟು, ಬಾವುಟ ಹಿಡಿದು, ಶಿಳ್ಳೆ ಕೇಕೆಗಳೊಡನೆ ಊರಿಂದೂರಿಗೆ ಅದರ ಹಿಂದೆ ಹೋಗುತ್ತಾರೆ. ಹೆಸರಾಂತ ಹೋರಿ ಸತ್ತರೆ ಹೂವಿನಿಂದ ಸಿಂಗರಿಸಿ, ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡಿ, ಮನೆಯ ಹಿರಿಯರಿಗೆ ಮಾಡುವಂತೆ ಮಣ್ಣು ಮಾಡುವ ರೂಢಿಯೂ ಬಂದಿದೆ. ವೃಷಭ ಶಬ್ದದ ತದ್ಭವವೇ ಬಸವ. ಎತ್ತನ್ನು ಬಸವಣ್ಣನೆಂದು ಕರೆದು ಕೈಮುಗಿಯುವ ನಾಡಿನಲ್ಲಿ ಇದನ್ನು ಹುಚ್ಚಾಟವೆಂದು ತಳ್ಳಿಹಾಕುವುದು ತಿಳಿಗೇಡಿತನವಾದೀತು.

ಆದರೆ ಒಂದು ಪ್ರಶ್ನೆ ಏಳುತ್ತದೆ. ನೋಟಕನ ಸಂತೋಷ, ದುಃಖ, ಕೂಗಾಟಗಳಿಗೆ ಸ್ಪರ್ಧೆಯಲ್ಲಿ ಇರುವ ಸ್ಥಾನವೇನು? ಈ ಪ್ರಶ್ನೆ ಹೊಸದಲ್ಲ. ಭರತಮುನಿಯ ನಾಟ್ಯಶಾಸ್ತ್ರದ 27ನೆಯ ಅಧ್ಯಾಯ ಇದಕ್ಕೇ ಮೀಸಲಾಗಿದೆ. ಪ್ರಯೋಗವು ಸಫಲವಾಯಿತೆಂಬುದನ್ನು ತಿಳಿಯುವುದು ಹೇಗೆಂದರೆ, ನೋಡುವವರ ಮುಖವನ್ನು ನೋಡಿ ಎಂಬುದು ಅಲ್ಲಿಯ ಅಭಿಪ್ರಾಯ. ಮುಗುಳುನಗೆ, ನಗು, ಸಾಧು ಎಂಬ ಮೆಚ್ಚುಗೆ, ಅಹೋ ಎಂಬ ಬೆರಗು, ಕಷ್ಟಂ ಎಂಬ ಮರುಕ ಇವು ವಾಕ್ಕಿನಿಂದ ತೋರುವ ಸಿದ್ಧಿಗಳು. ರೋಮಾಂಚ, ಆಸನದಿಂದ ಎದ್ದುನಿಲ್ಲುವುದು, ಉಡುಗೆಯನ್ನು ಕೊಡುವುದು, ಉಂಗುರವನ್ನು ಎಸೆಯುವುದು ಇವು ಶರೀರದಿಂದ ತೋರುವವು. ಇಷ್ಟನ್ನೂ ಮಾನುಷೀ ಸಿದ್ಧಿಯೆಂದು ಕರೆದು, ಅದಕ್ಕಿಂತ ಮೇಲಾದ ದೈವೀ ಸಿದ್ಧಿಯನ್ನು ಹೇಳುವಾಗ ಶಾಸ್ತ್ರಕಾರನು ಗದ್ದಲವಿಲ್ಲದೆ, ಕ್ಷೋಭೆಯಿಲ್ಲದೆ, ಉತ್ಪಾತವಿಲ್ಲದೆ ರಂಗವು ತುಂಬಿರುವ ಸ್ಥಿತಿಯನ್ನು ಹೇಳುತ್ತಾನೆ.

ಅಲ್ಲಿಗೇ ನಿಲ್ಲದೆ, ನಟರಲ್ಲಿ ಬಹುಮಾನಕ್ಕಾಗಿ ಪೈಪೋಟಿ ಉಂಟಾದರೆ ಏನು ಮಾಡಬೇಕೆಂಬುದನ್ನೂ ಗ್ರಂಥ ಹೇಳಿದೆ. ಆಗ ನೋಟಕರ ಕೂಗನ್ನು ಎಣಿಸಿದರೆ ಸಾಲದು. ಆಯಾ ವಿಷಯವನ್ನು ಬಲ್ಲ ಪ್ರಾಶ್ನಿಕರು ಬೇಕು. ಅಭಿನಯಕ್ಕೆ ನರ್ತಕ, ಛಂದಸ್ಸಿಗೆ ಛಂದೋವಿದ, ಶಬ್ದಕ್ಕೆ ವೈಯಾಕರಣ, ಅಂಗಸೌಷ್ಠವಕ್ಕೆ ಬಿಲ್ಲಾಳು. ಗುಣದೋಷಗಳನ್ನು ಎಣಿಸಿ ಬರೆದಿಡಲು ಗಣಕ, ಲೇಖಕರೂ ಬೇಕು. ಪ್ರಾಶ್ನಿಕರು ರಂಗಕ್ಕೆ ಅತಿ ಸಮೀಪವೂ ಅಲ್ಲದೆ ಅತಿ ದೂರವೂ ಅಲ್ಲದೆ ಕುಳಿತಿರಬೇಕು. ಹೀಗೆ ಮೆಚ್ಚುವವರು ಒಂದು ವರ್ಗ, ತೀರ್ಮಾನಿಸುವವರು ಇನ್ನೊಂದು ವರ್ಗವಾಗಿ ಬೇರ್ಪಟ್ಟರು.

ಭರತನ ಈ ವಿಭಾಗ ಇಂದಿನ ಲೋಕದಲ್ಲಿ ಎಲ್ಲಿ ಸ್ಪಷ್ಟವಾಗಿ ಉಳಿದಿದೆಯೆಂದು ಹುಡುಕಿದರೆ ಸಿಗುವುದು ನಮಗೆ ತೀರ ಅಪರಿಚಿತವಾದ ಒಂದು ಆಟ. ಅದೇ ಫಿಗರ್ ಸ್ಕೇಟಿಂಗ್. ಉಕ್ಕಿನ ಅಲಗುಗಳನ್ನು ಜೋಡಿಸಿದ ಬೂಟು ತೊಟ್ಟು, ಕನ್ನಡಿಯಂತೆ ನಯವಾದ ಮಂಜುಗಡ್ಡೆಯ ನೆಲದ ಮೇಲೆ ಸಂಗೀತಕ್ಕೆ ತಕ್ಕಂತೆ ಜಾರುತ್ತ, ತಿರುಗುತ್ತ, ನೆಗೆಯುತ್ತ ಮಾಡುವ ನರ್ತನವದು. ಓಟವನ್ನು ಗಡಿಯಾರ ಅಳೆಯುತ್ತದೆ, ನೆಗೆತವನ್ನು ಪಟ್ಟಿ ಅಳೆಯುತ್ತದೆ. ಇದನ್ನು ಕಣ್ಣೇ ಅಳೆಯಬೇಕು. ಆದಕಾರಣ ಇಲ್ಲಿ ನೋಡಲು ಬಂದ ಪ್ರತಿಯೊಬ್ಬನೂ ಒಳಗೊಳಗೇ ತೀರ್ಪುಗಾರ. ವಿದ್ಯಾರ್ಥಿಗಳಿಗಾಗಿಯೇ ಇದರ ಅಂತರರಾಷ್ಟ್ರೀಯ ಸ್ಪರ್ಧೆಗಳುಂಟು. ವಿಶ್ವವಿದ್ಯಾನಿಲಯಗಳ ಚಳಿಗಾಲದ ಕ್ರೀಡಾಕೂಟ ಮೊದಲು ನಡೆದದ್ದು 1960ರಲ್ಲಿ, ಫ್ರಾನ್ಸ್ ದೇಶದ ಶಾಮೊನಿಯಲ್ಲಿ. 2023ರಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್, 2025ರಲ್ಲಿ ಇಟಲಿಯ ತುರಿನ್ ನಗರಗಳು ಆ ಕೂಟಕ್ಕೆ ಎಡೆಯಾದವು. ಆಡುವವರೂ ವಿದ್ಯಾರ್ಥಿಗಳು. ಈ ಆಟದಲ್ಲಿ ಓದು ಮತ್ತು ಅಭ್ಯಾಸಗಳನ್ನು ಒಟ್ಟಿಗೆ ನಡೆಸುವವರು ಹಲವರು. ಒಲಿಂಪಿಕ್ಸಿನಲ್ಲಿ 2014 ಮತ್ತು 2018ರಲ್ಲಿ ಎರಡು ಬಾರಿ ಚಿನ್ನ ಗೆದ್ದ ಜಪಾನಿನ ಯುಜುರು ಹನ್ಯು ಸಹ ವಾಸೆಡಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದವರು.

ಈ ಆಟದ ನೋಟಕರ ನಡತೆಯಲ್ಲಿ ಭರತನು ಎಣಿಸಿದ ಸಿದ್ಧಿಗಳೆಲ್ಲವೂ ಕಾಣುತ್ತವೆ. ಸಂಗೀತದ ಲಯಕ್ಕೆ ಚಪ್ಪಾಳೆ, ನೆಗೆದವರು ಬಿದ್ದರೆ ಸಭೆಯೆಲ್ಲ ಒಂದೇ ಉಸಿರಿನಲ್ಲಿ ನಿಟ್ಟುಸಿರಿಟ್ಟು, ಮರುಗಳಿಗೆಯಲ್ಲಿ ಅವರು ಎದ್ದುನಿಲ್ಲಲೆಂದು ಮತ್ತೆ ಚಪ್ಪಾಳೆ, ಮೆಚ್ಚಿದರೆ ಎದ್ದುನಿಲ್ಲುವುದು. ಉಂಗುರದ ಬದಲು ಹೂವು, ಗೊಂಬೆಗಳನ್ನು ಮಂಜಿನ ಮೇಲೆ ಎಸೆಯುತ್ತಾರೆ. 2018ರಲ್ಲಿ ಕೊರಿಯದ ಪ್ಯೊಂಗ್‌ಚಾಂಗಿನಲ್ಲಿ ಹನ್ಯು ಅವರ ನರ್ತನ ಮುಗಿದಾಗ ಕರಡಿಯ ಗೊಂಬೆಗಳ ಮಳೆಯೇ ಸುರಿಯಿತು. ಬಾಲಕಿಯರು ಅವನ್ನು ಆಯ್ದು ತೆಗೆದರು, ಬಳಿಕ ಅವು ಅಲ್ಲಿಯ ಮಕ್ಕಳಿಗೆ ದಾನವಾದವು. ಇಲ್ಲೊಂದು ಸಣ್ಣ ನಿಯಮವುಂಟು. ಹೂವನ್ನು ಹಾಳೆಯಲ್ಲಿ ಬಿಗಿಯಾಗಿ ಸುತ್ತಿಯೇ ಎಸೆಯಬೇಕು. ಸುತ್ತದೆ ಎಸೆದ ಹೂವಿನ ಒಂದು ಎಸಳು ಮಂಜಿಗೆ ಅಂಟಿಕೊಂಡರೂ ಮುಂದೆ ಬರುವ ಸ್ಕೇಟರ್ ಅದರ ಮೇಲೆ ಎಡವಿ ಬಿದ್ದಾರು.

ನೋಟಕರ ಇಂಥ ಒಲವು ಆಟದ ನಿಯಮವನ್ನೇ ಬದಲಾಯಿಸಿದ್ದೂ ಉಂಟು. ಈ ಕಥೆ ಸ್ವಾರಸ್ಯವಾದದ್ದು. ಫಿಗರ್ ಎಂಬ ಹೆಸರು ಬಂದದ್ದೇ ಅಲಗಿನಿಂದ ಮಂಜಿನ ಮೇಲೆ ಎಂಟರ ಆಕಾರವೇ ಮೊದಲಾದ ಆಕೃತಿಗಳನ್ನು ರಂಗೋಲಿಯಂತೆ ಬರೆಯುತ್ತಿದ್ದುದರಿಂದ. ಈ ಕಡ್ಡಾಯ ರೇಖೆಗಳಿಗೆ ಒಂದು ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕಗಳಿದ್ದವು. ನೋಡುವವರಿಗೆ ಮಾತ್ರ ಅದರಲ್ಲಿ ಏನೂ ಕಾಣುತ್ತಿರಲಿಲ್ಲ. 1972ರಲ್ಲಿ ಜಪಾನಿನ ಸಪ್ಪೊರೊದಲ್ಲಿ ಆಸ್ಟ್ರಿಯದ ಬಿಯಾಟ್ರಿಕ್ಸ್ ಶೂಬಾ ರೇಖೆಗಳ ಬಲದಿಂದಲೇ ಚಿನ್ನ ಗೆದ್ದಳು. ಸ್ವಚ್ಛಂದ ನರ್ತನದಲ್ಲಿ ಎಲ್ಲರನ್ನೂ ಮೀರಿಸಿದವಳು ಅಮೆರಿಕದ ಜಾನೆಟ್ ಲಿನ್ ಎಂಬ 18 ವರ್ಷದ ಹುಡುಗಿ. ಅವಳು ನಡುವೆ ಒಮ್ಮೆ ಬಿದ್ದಳು, ಬಿದ್ದು ನಕ್ಕಳು, ದೊರೆತದ್ದು ಕಂಚು. ಜಪಾನಿನ ಜನ ಮನಸೋತದ್ದು ಅವಳಿಗೆ. ಗೆದ್ದವಳೇಕೆ ಗೆದ್ದಳೆಂಬುದು ದೂರದರ್ಶನದಲ್ಲಿ ನೋಡುವವರಿಗೆ ತಿಳಿಯದೆ ಹೋದಾಗ, ರೇಖೆಗಳ ಪಾಲನ್ನು ತಗ್ಗಿಸಿ ಹೊಸದೊಂದು ಕಿರು ನರ್ತನವನ್ನು ಸೇರಿಸಿದರು; 1990ರ ಬಳಿಕ ರೇಖೆಗಳು ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ಸಂಪೂರ್ಣವಾಗಿ ಮರೆಯಾದವು. ಹೆಸರು ಮಾತ್ರ ಉಳಿಯಿತು.

ನೋಟಕರ ಕೂಗು ಯಾವಾಗಲೂ ಸರಿಯೆಂದು ಇದರಿಂದ ತಿಳಿಯಬಾರದು. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯ ಜೋಡಿ ಸ್ಪರ್ಧೆಯಲ್ಲಿ ಕೆನಡದ ಜೋಡಿ ನಿರ್ದೋಷವಾಗಿ ನರ್ತಿಸಿತು. ರಷ್ಯದ ಜೋಡಿಯಲ್ಲಿ ಒಂದು ಹೆಜ್ಜೆ ತಪ್ಪಿತ್ತು. ಸಭೆ ಕೆನಡದವರಿಗೆ ಅಂದಿನ ಪೂರ್ಣಾಂಕವಾದ ಆರನ್ನು ಕೊಡಬೇಕೆಂದು ಕೂಗಿತು, ಅಂಕಗಳು ಬಂದಾಗ ಧಿಕ್ಕರಿಸಿತು. ಒಂಬತ್ತು ತೀರ್ಪುಗಾರರಲ್ಲಿ ಐವರು ರಷ್ಯದವರ ಕಡೆಗಿದ್ದರು. ಬಳಿಕ ಫ್ರಾನ್ಸಿನ ತೀರ್ಪುಗಾರ್ತಿಯ ಮೇಲೆ ಒತ್ತಡವಿತ್ತೆಂಬ ಮಾತು ಹೊರಬಿದ್ದು, ಕೆನಡದವರಿಗೂ ಚಿನ್ನ ಕೊಡಬೇಕಾಯಿತು. 2004ರಲ್ಲಿ ಅಂಕ ಕೊಡುವ ಪದ್ಧತಿಯೇ ಬದಲಾಯಿತು. ಆದರೂ ರಷ್ಯದವರ ನರ್ತನದ ರಚನೆ ಹೆಚ್ಚು ಜಟಿಲವಾಗಿತ್ತೆಂದು ವಾದಿಸುವ ಬಲ್ಲವರಿದ್ದರು. ಸಭೆ ಕಂಡದ್ದು ತಪ್ಪಿದ ಹೆಜ್ಜೆಯನ್ನು. ಜಟಿಲತೆ ಎಲ್ಲರ ಕಣ್ಣಿಗೆ ಬೀಳುವ ವಸ್ತುವಲ್ಲ. ಇದಕ್ಕೂ ಮುನ್ನ 1998ರಲ್ಲಿ ನಗಾನೊದಲ್ಲಿ ಫ್ರಾನ್ಸಿನ ಸೂರ್ಯಾ ಬೊನಾಲಿ ನಿಷಿದ್ಧವಾದ ಹಿಮ್ಮುಖ ಲಾಗವನ್ನು ಹಾಕಿ ಒಂದೇ ಕಾಲಿನ ಮೇಲೆ ಇಳಿದಳು. ಸಭೆ ಹರ್ಷೋದ್ಗಾರ ಮಾಡಿತು, ತೀರ್ಪುಗಾರರು ಅಂಕ ಕಳೆದರು. ನಿಯಮ ಇದ್ದ ದಿನ ಅಂಕ ಕಳೆದದ್ದು ನ್ಯಾಯವೇ. 2024ರಲ್ಲಿ ಆ ನಿಷೇಧವೇ ರದ್ದಾಯಿತು.

ಇಷ್ಟೆಲ್ಲ ಜಗಳಗಳ ನಡುವೆಯೂ ಆ ಆಟದಲ್ಲಿ ಒಂದು ಗೆರೆ ಅಳಿಯಲಿಲ್ಲ. ಮಂಜಿನ ಸುತ್ತ ಎದೆಮಟ್ಟದ ತಡೆಗೋಡೆ, ಅದರಾಚೆಗೆ ಅಭಿಮಾನಿ. ಅವನ ಹೂವು ಒಳಗೆ ಹೋಗಬಹುದು, ಅವನು ಹೋಗುವಂತಿಲ್ಲ. ಅಲ್ಲಿಯ ಕೋಪತಾಪಗಳೆಲ್ಲ ಅಂಕಗಳ ಮಟ್ಟದಲ್ಲೇ ಮುಗಿಯುತ್ತವೆ.

ನಮ್ಮ ಸೀಮೆಯ ಹೋರಿ ಹಬ್ಬದಲ್ಲಿ ಈ ಗೆರೆ ಬಹುಕಡೆ ಇಲ್ಲ. ಈ ಗಳಿಗೆಯಲ್ಲಿ ನೋಟಕನಾಗಿದ್ದವನು ಮುಂದಿನ ಗಳಿಗೆಯಲ್ಲಿ ಕೊಬ್ಬರಿಗೆ ಕೈಚಾಚುತ್ತಾನೆ. ಅಭಿಮಾನಿಯು ತನ್ನ ಹೋರಿಗೆ ದಾರಿಮಾಡಿಕೊಡಲೆಂದು ಅಖಾಡಕ್ಕಿಳಿಯುತ್ತಾನೆ. ಫೋಟೊ ತೆಗೆಯುವವನು ದಾರಿಯ ಮಧ್ಯಕ್ಕೇ ಬರುತ್ತಾನೆ. ಶಿವಮೊಗ್ಗ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಈಚಿನ ವರ್ಷಗಳ ದೀಪಾವಳಿಯ ಬಳಿಕ ಹೋರಿ ತಿವಿದು ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಸತ್ತವರಲ್ಲಿ ಹೋರಿ ಹಿಡಿಯಲು ಹೋದವರಷ್ಟೇ ಅಲ್ಲ, ಬರಿದೇ ನೋಡಲು ನಿಂತವರೂ ಇದ್ದಾರೆ. ಅಖಾಡ ಎಲ್ಲಿ ಮುಗಿಯಿತೆಂಬುದು ಹೋರಿಗೆ ತಿಳಿಯದು. ಬೆದರಿದ ಪ್ರಾಣಿ ತೆರಪು ಕಂಡತ್ತ ನುಗ್ಗುತ್ತದೆ. ಆ ತೆರಪಿನಲ್ಲಿ ನಿಂತವನು ಹೈಸ್ಕೂಲಿನ ಹುಡುಗನೋ ಮುದುಕನೋ ಎಂಬ ವಿಚಾರ ಅದಕ್ಕಿಲ್ಲ.

ಇದನ್ನು ಕಂಡು ಹಬ್ಬವನ್ನೇ ನಿಲ್ಲಿಸಬೇಕೆನ್ನುವವರಿದ್ದಾರೆ. ಗೂಳಿಗಳನ್ನು ಬಳಸುವ ಸ್ಪರ್ಧೆಗಳನ್ನು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ನಿಷೇಧಿಸಿದ್ದೂ, ಕರ್ನಾಟಕವು 2017ರಲ್ಲಿ ಕಂಬಳ ಮತ್ತು ಎತ್ತಿನಗಾಡಿ ಓಟಗಳಿಗಾಗಿ ಕಾಯಿದೆಗೆ ತಿದ್ದುಪಡಿ ತಂದದ್ದೂ, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅಂಥ ತಿದ್ದುಪಡಿಗಳನ್ನು ಎತ್ತಿಹಿಡಿದದ್ದೂ ಎಲ್ಲರೂ ಬಲ್ಲ ಸಂಗತಿ. ಆ ಚರ್ಚೆಯೆಲ್ಲ ಪ್ರಾಣಿಯ ನೋವನ್ನು ಕುರಿತದ್ದು, ಅದು ಯುಕ್ತವೇ. ನೋಟಕನು ಎಲ್ಲಿ ನಿಲ್ಲಬೇಕೆಂಬುದು ಬೇರೆ ವಿಷಯ. ಅದನ್ನು ನ್ಯಾಯಾಲಯಕ್ಕಿಂತ ಊರಿನ ಸಮಿತಿ ಬೇಗ ತೀರ್ಮಾನಿಸಬಲ್ಲದು. ಅಖಾಡದ ಎರಡೂ ಬದಿಗೆ ಗಟ್ಟಿಯಾದ ಬೇಲಿ, ಓಟದ ತುದಿಯಲ್ಲಿ ಹೋರಿ ತಣಿದು ನಿಲ್ಲುವಷ್ಟು ಬಯಲು, ಹಿಡಿಯುವವರ ಹೆಸರು ವಯಸ್ಸುಗಳನ್ನು ಮೊದಲೇ ಬರೆದುಕೊಳ್ಳುವ ಒಬ್ಬ ಲೇಖಕ, ಬೇಲಿಯ ಹೊರಗೆ ಎತ್ತರದ ಪೀಠದಲ್ಲಿ ಕುಳಿತ ಪ್ರಾಶ್ನಿಕರು: ಇವು ದುಸ್ಸಾಧ್ಯವಲ್ಲ. ಕೆಲವು ಸಮಿತಿಗಳು ಬೇಲಿಯ ಏರ್ಪಾಟನ್ನು ಈಗಾಗಲೇ ಮಾಡುತ್ತಿವೆ. ಸಮಿತಿಗಳಲ್ಲಿ ಕೂರುವವರೂ ಬಹುಮಾನ ಕೊಡುವ ದಾನಿಗಳೂ ಬಹುಪಾಲು ಇದೇ ಸೀಮೆಯ ಶಾಲೆಗಳಲ್ಲಿ ಓದಿದವರೇ ಆಗಿರುತ್ತಾರೆ. ಬಹುಮಾನಗಳ ಪಟ್ಟಿಯಿಂದ ಒಂದು ಬೈಕನ್ನು ಕಡಿಮೆ ಮಾಡಿದರೆ ಬೇಲಿಯ ಗಳು, ಹಗ್ಗ, ಆಳಿನ ಕೂಲಿಗೆ ಅಷ್ಟಿಷ್ಟು ಹಣ ಒದಗೀತು. ದೀಪಾವಳಿಯ ರಜೆಗೆ ಮುಂಚಿನ ದಿನ ಉಪಾಧ್ಯಾಯರು ತರಗತಿಯಲ್ಲಿ ಹುಡುಗರಿಗೆ, ಬೇಲಿಯ ಯಾವ ಕಡೆ ನಿಲ್ಲಬೇಕೆಂಬುದನ್ನು ಹೇಳಿ ಕಳುಹಿಸಬಹುದು.