ಕತ್ತಿ ಬಾಯಿ ನೀಲಿಯಾದರೆ ಹದ ಹೋಯ್ತು: ಗ್ರೈಂಡರ್ ಹಿಡಿಸುವ ಮುನ್ನ ಇಷ್ಟು ತಿಳಿದಿರಲಿ

ಶಿರಸಿ: ಕೊನೆಕೊಯ್ಲು ಹತ್ತಿರ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರ ಮನೆಗಳಲ್ಲಿ ಮೆಟ್ಟುಗತ್ತಿಗಳು ಹೊರಗೆ ಬರುತ್ತವೆ. ಸೊಪ್ಪು ಕಡಿಯುವ ಕತ್ತಿ, ಹುಲ್ಲು ಹೊಡೆಯುವ ಯಂತ್ರದ ಬ್ಲೇಡ್ ಎಲ್ಲದಕ್ಕೂ ಧಾರೆ ಬೇಕು. ಮೊದಲೆಲ್ಲ ಆಚಾರಿಯ ಕುಲುಮೆಗೆ ಹೋಗುತ್ತಿದ್ದ ಕೆಲಸ ಈಗ ಹೆಚ್ಚಾಗಿ ಪೇಟೆಯ ವೆಲ್ಡಿಂಗ್ ಅಂಗಡಿಯ ಗ್ರೈಂಡರ್‌ಗೆ ಹೋಗ್ತದೆ. ಎರಡು ನಿಮಿಷದ ಕೆಲಸ, ಕಿಡಿ ಹಾರ್ತದೆ, ಬಾಯಿ ಬೆಳ್ಳಗೆ ಹೊಳೀತದೆ. ಆದರೆ ನಾಲ್ಕು ದಿನ ಸುಲಿಯುವಷ್ಟರಲ್ಲಿ ಮತ್ತೆ ಮೊಂಡು. "ಈಗಿನ ಕಬ್ಬಿಣವೇ ಸರಿಯಿಲ್ಲ" ಅಂತ ಬೈದುಕೊಳ್ಳುವವರು ಬಹಳ. ಹೆಚ್ಚಿನ ಸಲ ಕೆಟ್ಟಿದ್ದು ಕಬ್ಬಿಣವಲ್ಲ, ಸಾಣೆ ಹಿಡಿದ ರೀತಿ.

ಸುಲಿದಷ್ಟಕ್ಕೆ ಕೂಲಿ ಪಡೆಯುವವರಿಗೆ ಇದು ಸಣ್ಣ ವಿಷಯವಲ್ಲ. ಮೊಂಡು ಕತ್ತಿಯಲ್ಲಿ ಕೈ ಸೋಲುತ್ತದೆ, ಅಡಿಕೆ ಜಾರುತ್ತದೆ, ಬೆರಳಿಗೆ ಗಾಯವಾಗುತ್ತದೆ.

ಹದ ಅಂದರೆ ಏನು?

ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದರೆ ಅದು ಗಟ್ಟಿಯಾಗುತ್ತದೆ, ಜೊತೆಗೆ ಗಾಜಿನ ಹಾಗೆ ಮುರಿಯುವ ಗುಣವೂ ಬರುತ್ತದೆ. ಅದಕ್ಕೇ ಆಚಾರಿ ಮತ್ತೆ ಸ್ವಲ್ಪ ಬಿಸಿ ಕೊಟ್ಟು ಹದಕ್ಕೆ ತರುತ್ತಾನೆ. ಉಜ್ಜಿ ಹೊಳಪು ಮಾಡಿದ ಉಕ್ಕು ಬಿಸಿಯಾಗುತ್ತಾ ಬಣ್ಣ ಬದಲಿಸುತ್ತದೆ. ಸುಮಾರು 220-230 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಬಣ್ಣ, 260ರ ಹತ್ತಿರ ಕಂದು, 280ಕ್ಕೆ ನೇರಳೆ, 300ರ ಆಸುಪಾಸಿನಲ್ಲಿ ನೀಲಿ. ಬಣ್ಣ ನೀಲಿಯ ಕಡೆ ಹೋದಷ್ಟೂ ಉಕ್ಕು ಮೆತ್ತಗಾಗುತ್ತದೆ.

ಗ್ರೈಂಡರ್ ಮಾಡುವ ಹಾನಿ ಇದೇ. ಕತ್ತಿಯ ಬಾಯಿ ಕಾಗದದಷ್ಟು ತೆಳು. ಅಲ್ಲಿ ಹುಟ್ಟಿದ ಬಿಸಿಗೆ ಹರಡಲು ಜಾಗವಿಲ್ಲ, ಕ್ಷಣದಲ್ಲಿ ನೀಲಿಯಾಗುತ್ತದೆ. ಆ ನೀಲಿಯನ್ನು ಉಜ್ಜಿ ತೆಗೆದರೆ ಬಣ್ಣ ಮಾತ್ರ ಹೋಗ್ತದೆ, ಮೆತ್ತಗಾದ ಉಕ್ಕು ಹಾಗೇ ಉಳಿಯುತ್ತದೆ. ಮೆತ್ತಗಾದ ಭಾಗ ಪೂರ್ತಿ ಸವೆಯುವವರೆಗೆ ನಿಧಾನಕ್ಕೆ ಮಸೆಯಬೇಕು, ಇಲ್ಲವೇ ಕುಲುಮೆಯಲ್ಲಿ ಹೊಸದಾಗಿ ಹದ ಕೊಡಿಸಬೇಕು. ಅನುಮಾನವಿದ್ದರೆ ಹೊಸ ಅರ, ಅಂದರೆ ಫೈಲ್, ಹಿಡಿದು ನೋಡಿ. ಹದವಿದ್ದ ಕಡೆ ಅರ ಜಾರುತ್ತದೆ, ಹದ ಹೋದ ಕಡೆ ಸಲೀಸಾಗಿ ಕಚ್ಚುತ್ತದೆ.

ಬಿಸಿ ಎಲ್ಲಿಂದ ಬರ್ತದೆ?

ಸಾಣೆಚಕ್ರದಲ್ಲಿ ಸಾವಿರಾರು ಹರಳುಗಳಿರುತ್ತವೆ. ಒಂದೊಂದೂ ಸಣ್ಣ ಉಳಿಯ ಹಾಗೆ ಲೋಹವನ್ನು ಕೆತ್ತುತ್ತದೆ. ಹರಳು ಚೂಪಾಗಿದ್ದರೆ ಕೆತ್ತುತ್ತದೆ, ಮೊಂಡಾಗಿದ್ದರೆ ಬರೀ ತಿಕ್ಕುತ್ತದೆ. ತಿಕ್ಕಿದರೆ ಧಾರೆ ಬರುವುದಿಲ್ಲ, ಬಿಸಿ ಮಾತ್ರ ಬರ್ತದೆ. ಚಕ್ರದ ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಮೊಂಡಾಗಿದೆ ಅಂತಲೇ ಅರ್ಥ. ಡ್ರೆಸ್ಸರ್ ಹಿಡಿದು ಮೇಲ್ಪದರ ಕೆರೆದು ಹೊಸ ಹರಳು ಹೊರಗೆ ತರಬೇಕು. ಒತ್ತಿ ಹಿಡಿದರೆ ಬೇಗ ಆಗ್ತದೆ ಅಂದುಕೊಳ್ಳುವುದು ತಪ್ಪು, ಸುಡುವುದು ಬೇಗ ಅಷ್ಟೆ.

ಇನ್ನೊಂದು ವಿಚಿತ್ರ ನೋಡಿ. ಗಟ್ಟಿ ಉಕ್ಕಿಗೆ ಮೆದು ಚಕ್ರ, ಮೆದು ಲೋಹಕ್ಕೆ ಗಟ್ಟಿ ಚಕ್ರ. ಮೆದು ಚಕ್ರದಲ್ಲಿ ಮೊಂಡಾದ ಹರಳು ತಾನಾಗಿ ಉದುರಿ ಚೂಪಾದದ್ದು ಮುಂದೆ ಬರುತ್ತದೆ. ಚಕ್ರದ ಮೇಲೆ 'ಎ 60 ಕೆ 5 ವಿ' ಎಂಬಂಥ ಬರಹ ಇರುತ್ತದಲ್ಲ, ಅದರಲ್ಲಿ 'ಎ' ಅಂದರೆ ಅಲ್ಯುಮಿನಿಯಂ ಆಕ್ಸೈಡ್, ಉಕ್ಕಿಗೆ ಇದೇ ಸರಿ. 60 ಹರಳಿನ ಗಾತ್ರ. ಸಂಖ್ಯೆ ದೊಡ್ಡದಾದಷ್ಟೂ ನುಣುಪು. 'ಕೆ' ಚಕ್ರ ಎಷ್ಟು ಗಟ್ಟಿ ಎಂಬ ಗುರುತು. ಕತ್ತಿಗೆ 60 ಅಥವಾ 80 ಸಾಕು. ಹಸಿರು ಚಕ್ರ ಕಾರ್ಬೈಡ್ ಉಳಿಗಳಿಗೆ ಇರುವಂಥದ್ದು. ಅಲ್ಯುಮಿನಿಯಂ ತುಂಡನ್ನು ಈ ಚಕ್ರಕ್ಕೆ ಹಿಡಿಯಲೇಬೇಡಿ. ಹರಳುಗಳ ನಡುವೆ ಮೆತ್ತಿಕೊಂಡು ಬಿಸಿಯೇರಿ ಚಕ್ರ ಒಡೆಯುವ ಅಪಾಯವಿದೆ.

ಕಾರ್ಖಾನೆಗೂ ನಮಗೂ ಒಂದೇ ಉಪಾಯ

ದೊಡ್ಡ ಕಾರ್ಖಾನೆಯಲ್ಲಿ ಎಂಜಿನ್ ಭಾಗಗಳಿಗೆ ಸಾಣೆ ಹಿಡಿಯುವಾಗ ಕೂಲೆಂಟ್ ಸುರಿಯುತ್ತಲೇ ಇರುತ್ತಾರೆ, ಒಂದು ಸಲಕ್ಕೆ ತೆಗೆಯುವುದು ಕೂದಲೆಳೆಗಿಂತ ಕಡಿಮೆ. ನಮ್ಮ ಅಂಗಡಿಯಲ್ಲಿ ಒಂದು ಬಕೆಟ್ ನೀರೇ ಕೂಲೆಂಟ್. ಹಗುರಕ್ಕೆ ಹಿಡಿದು, ಒಂದೇ ಕಡೆ ನಿಲ್ಲಿಸದೆ, ಈ ತುದಿಯಿಂದ ಆ ತುದಿಗೆ ಎಳೆಯಬೇಕು. ಪ್ರತಿ ಎಳೆತಕ್ಕೂ ನೀರಿಗೆ ಅದ್ದಬೇಕು. ಬರಿಗೈಲಿ ಮುಟ್ಟಲು ಆಗದಷ್ಟು ಬಿಸಿಯಾಯ್ತೆಂದರೆ ತಡವಾಯ್ತು. ಅಂಚಿನ ಇನ್ನೊಂದು ಬದಿಗೆ ತೆಳ್ಳನೆ ತರಿ ಕೈಗೆ ಸಿಕ್ಕಿದ ಕೂಡಲೇ ಗ್ರೈಂಡರ್ ಬಿಟ್ಟುಬಿಡಿ. ಉಳಿದದ್ದು ಮಸೆಕಲ್ಲಿನ ಕೆಲಸ. ಹುಲ್ಲಿನ ಯಂತ್ರದ ಬ್ಲೇಡಾದರೆ ಎರಡೂ ತುದಿಯಲ್ಲಿ ಸಮನಾಗಿ ತೆಗೆಯಬೇಕು, ಇಲ್ಲದಿದ್ದರೆ ತೂಕ ತಪ್ಪಿ ಯಂತ್ರ ಅದುರುತ್ತದೆ.

ಕಣ್ಣು, ಕೈ ಜೋಪಾನ

6 ಇಂಚಿನ ಬೆಂಚ್ ಗ್ರೈಂಡರ್ ಚಕ್ರ ನಿಮಿಷಕ್ಕೆ 2,800 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 80 ಕಿ.ಮೀ. ಕೈಯಲ್ಲಿ ಹಿಡಿಯುವ 4 ಇಂಚಿನ ಗ್ರೈಂಡರ್ 11,000 ಸುತ್ತಿನಲ್ಲಿ 200 ಕಿ.ಮೀ. ದಾಟುತ್ತದೆ. ಗಾರ್ಡ್ ಬಿಚ್ಚಿ ಅದಕ್ಕೇ 7 ಇಂಚಿನ ಡಿಸ್ಕ್ ಹಾಕುವವರಿದ್ದಾರೆ. ಆ ಡಿಸ್ಕ್ ತಡೆಯುವುದೇ ಸುಮಾರು 8,500 ಸುತ್ತು. ಒಡೆದರೆ ಚೂರು ಎಲ್ಲಿ ಹೊಗ್ತದೆ ಅಂತ ಹೇಳಲಾಗದು.

ನಮ್ಮ ಮಳೆಗಾಲವೂ ಇಲ್ಲಿ ಲೆಕ್ಕಕ್ಕೆ ಬರ್ತದೆ. ಕತ್ತರಿಸುವ, ಉಜ್ಜುವ ಡಿಸ್ಕ್‌ಗಳನ್ನು ರಾಳದ ಅಂಟಿನಿಂದ ಕಟ್ಟಿರುತ್ತಾರೆ. ತೇವ ಹಿಡಿದರೆ ಆ ಅಂಟು ಸಡಿಲವಾಗುತ್ತದೆ. ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಇರುತ್ತದೆ, ಓದಿ. ಒಣ ಜಾಗದಲ್ಲಿ ಇಡಿ. ಕತ್ತರಿಸುವ ತೆಳು ಡಿಸ್ಕಿನ ಮಗ್ಗುಲಲ್ಲಿ ಕತ್ತಿ ಮಸೆಯಬೇಡಿ.

ಬೆಂಚ್ ಗ್ರೈಂಡರ್‌ಗೆ ಹೊಸ ಕಲ್ಲು ಹಾಕುವ ಮೊದಲು ತೂಗುಬಿಟ್ಟು ಮರದ ಹಿಡಿಯಿಂದ ತಟ್ಟಿ. ಗಂಟೆಯಂತೆ ಕಣ್ ಅಂದರೆ ಸರಿ, ಮಂಕಾಗಿ ಟಪ್ ಅಂದರೆ ಬಿರುಕಿದೆ. ಆಸರೆ ತಗಡಿಗೂ ಚಕ್ರಕ್ಕೂ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದು ಬೇಡ. ಕತ್ತಿ ಒಳಗೆ ಸಿಕ್ಕಿಕೊಂಡರೆ ಬೆರಳೂ ಹೋಗ್ತದೆ. ಚಾಲೂ ಮಾಡಿ ಒಂದು ನಿಮಿಷ ಪಕ್ಕಕ್ಕೆ ನಿಲ್ಲಿ. ಬಟ್ಟೆಯ ಕೈಗವಸು, ಜೋತಾಡುವ ಟವೆಲ್ ಬೇಡ. ಕನ್ನಡಕ ಕಡ್ಡಾಯ, ಪಕ್ಕದಲ್ಲಿ ನೋಡುತ್ತ ನಿಂತವರಿಗೂ.

ಕಣ್ಣಿಗೆ ಕಿಡಿ ಬಿದ್ದರೆ ಉಜ್ಜಬೇಡಿ, ಸೆರಗಿನ ತುದಿಯಿಂದಲೋ ಕಡ್ಡಿಯಿಂದಲೋ ತೆಗೆಯಲು ಹೋಗಬೇಡಿ. ಕಬ್ಬಿಣದ ಚೂರು ಕಣ್ಣಿನಲ್ಲೇ ತುಕ್ಕು ಹಿಡಿದು ಸುತ್ತ ಕಲೆ ಕಟ್ಟುತ್ತದೆ. ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಈ ಸಲ ಮೆಟ್ಟುಗತ್ತಿ ತೆಗೆದುಕೊಂಡು ಅಂಗಡಿಗೆ ಹೋದಾಗ ಗ್ರೈಂಡರ್ ಪಕ್ಕ ನೀರಿನ ಬಕೆಟ್ ಇದೆಯಾ ನೋಡಿ. ಇಲ್ಲದಿದ್ದರೆ "ಸ್ವಲ್ಪ ನೀರು ತರ್ತೀರಾ, ನಾನು ಕಾಯ್ತೇನೆ" ಅನ್ನಿ. ಹತ್ತು ನಿಮಿಷ ಹೆಚ್ಚು ಹಿಡಿದರೂ ಕತ್ತಿಯ ಹದ ಉಳಿಯುತ್ತದೆ.